ಬ್ಯಾಟರಿ ಎಲ್ಲಿಡುವುದು, ಸಬ್‌ಸ್ಟೇಷನ್‌ನಲ್ಲಾ ನಮ್ಮ ಓಣಿಯಲ್ಲಾ?

ಕಳೆದ ಸಂಚಿಕೆಯಲ್ಲಿ ಊರಿನ ಕರೆಂಟ್ ಲೈನಿಗೆ ದೊಡ್ಡ ಬ್ಯಾಟರಿ ಜೋಡಿಸುವ ವಿಷಯ ಸ್ವಲ್ಪ ಬರೆದಿದ್ದೆ. ಬೇಡಿಕೆ ಕಡಿಮೆ ಇರುವ ಹೊತ್ತಿನಲ್ಲಿ ಚಾರ್ಜ್ ಆಗಿ, ಎಲ್ಲರೂ ಒಟ್ಟಿಗೆ ಸ್ವಿಚ್ ಒತ್ತುವ ಹೊತ್ತಿನಲ್ಲಿ ಅದನ್ನೇ ವಾಪಸ್ ಕೊಡುವ ಕಂಟೇನರ್ ಗಾತ್ರದ ಬ್ಯಾಟರಿಗಳು. ಮಂಗಳೂರು, ಉಡುಪಿ ಎರಡೂ ಕಡೆಯಿಂದ ಪತ್ರ ಬಂದಿವೆ. ಹೆಚ್ಚಿನವರು ಕೇಳಿದ್ದು ಒಂದೇ, ಅದನ್ನು ಇಡುವುದು ಎಲ್ಲಿ ಅಂತ. ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿ ಅನ್ನುವುದೇ ಮುಖ್ಯ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ನಮ್ಮ ಮನೆ ಟಿಸಿಯಿಂದ (ಓಣಿಯ ಟ್ರಾನ್ಸ್‌ಫಾರ್ಮರ್) ಅರ್ಧ ಕಿಲೋಮೀಟರ್ ದೂರ, ಲೈನಿನ ಕೊನೆಯ ಕಂಬದ ಹತ್ತಿರ. ಏಪ್ರಿಲ್, ಮೇ ಬಂತೆಂದರೆ ರಾತ್ರಿ ಎಂಟರಿಂದ ಹನ್ನೊಂದರ ತನಕ ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ. ಎಸಿ ಸ್ಟಾರ್ಟೇ ಆಗುವುದಿಲ್ಲ. ಸಬ್‌ಸ್ಟೇಷನ್‌ನಲ್ಲಿ ದೊಡ್ಡ ಬ್ಯಾಟರಿ ಇಟ್ಟರೆ ನಮ್ಮ ತಾಪತ್ರಯ ಮುಗಿಯುತ್ತದಾ ಸರ್?
ಒಬ್ಬ ಓದುಗರು, ಬೊಂದೇಲ್

ಉತ್ತರ: ಮುಗಿಯುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಉಳಿದ ಎಲ್ಲ ಪ್ರಶ್ನೆಗಳ ಬೇರೂ ಇಲ್ಲೇ ಇದೆ.

ಕರೆಂಟ್ ನಿಮ್ಮ ಮನೆಗೆ ಬರುವ ದಾರಿ ನೋಡಿ. ದೊಡ್ಡ ಸಬ್‌ಸ್ಟೇಷನ್‌ನಿಂದ ಹೊರಡುವ 11 ಕೆವಿ (11,000 ವೋಲ್ಟ್) ಲೈನ್, ಅಂದರೆ ಫೀಡರ್, ಫೀಡರ್‌ನಿಂದ ಟಿಸಿ, ಟಿಸಿಯಿಂದ ಓಣಿಯ ಕಂಬಗಳ ಮೇಲಿನ ಕಡಿಮೆ ವೋಲ್ಟೇಜಿನ ಎಲ್‌ಟಿ ಲೈನ್, ಆ ಲೈನಿನಿಂದ ನಿಮ್ಮ ಸರ್ವಿಸ್ ವಯರ್. ಈ ದಾರಿಯಲ್ಲಿ ಬ್ಯಾಟರಿ ಎಲ್ಲಿ ಕೂತಿದೆಯೋ, ಅಲ್ಲಿಂದ ಹಿಂದಕ್ಕೆ ಇರುವ ತಂತಿ ಮತ್ತು ಟ್ರಾನ್ಸ್‌ಫಾರ್ಮರ್‌ಗಳ ಭಾರವನ್ನು ಮಾತ್ರ ಅದು ಇಳಿಸುತ್ತದೆ. ಬ್ಯಾಟರಿಯಿಂದ ಮುಂದಕ್ಕೆ, ನಿಮ್ಮ ಮನೆ ಕಡೆಗೆ ಇರುವ ತಂತಿಗೆ ಮೊದಲಿದ್ದ ಭಾರವೇ ಇರುತ್ತದೆ. ಪೈಪ್ ಸಣ್ಣದಿರುವ ಮನೆಗೆ ಪಂಪ್‌ಹೌಸ್ ಹತ್ತಿರ ಟ್ಯಾಂಕ್ ಕಟ್ಟಿ ಏನು ಉಪಯೋಗ? ಸಣ್ಣ ಪೈಪಿನ ಆಚೆ, ಮನೆ ಬದಿಯಲ್ಲಿ ಟ್ಯಾಂಕ್ ಬೇಕು. ರಾತ್ರಿಯಿಡೀ ನಿಧಾನ ತುಂಬಲಿ, ಬೆಳಿಗ್ಗೆ ಬೇಕಾದಷ್ಟು ಬಳಸಿ.

ಈಗ ನಿಮ್ಮ ಓಣಿಯ ಲೆಕ್ಕ. ಲೈನ್‌ಮ್ಯಾನ್‌ಗಳು ರ್‍ಯಾಬಿಟ್ ಅಂತ ಕರೆಯುವ ಅಲ್ಯೂಮಿನಿಯಂ ತಂತಿಯ ರೋಧ ಕಿಲೋಮೀಟರ್‌ಗೆ ಸುಮಾರು 0.54 ಓಮ್. ಅರ್ಧ ಕಿಲೋಮೀಟರ್‌ಗೆ 0.27. ಲೋಡೆಲ್ಲ ಕೊನೆಯಲ್ಲೇ ಇದೆ, ರಾತ್ರಿ ಒಂಬತ್ತಕ್ಕೆ ಪ್ರತಿ ಫೇಸ್‌ನಲ್ಲಿ 60 ಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ. ದಾರಿಯಲ್ಲೇ 16 ವೋಲ್ಟ್ ಹೋಯಿತು. ಟಿಸಿಯಲ್ಲಿ 230 ಇದ್ದರೆ ನಿಮ್ಮಲ್ಲಿ 214. ನಿಯಮದ ಪ್ರಕಾರ 230ರಿಂದ ಮೇಲೆ ಕೆಳಗೆ ಶೇ. 6 ಮಾತ್ರ ಏರಿಳಿಯಬಹುದು, ಅಂದರೆ 216ಕ್ಕಿಂತ ಕೆಳಗೆ ಇಳಿಯಬಾರದು. ಈಗ ಕೊನೆಯ ಕಂಬದ ಹತ್ತಿರ ಮೂರೂ ಫೇಸ್‌ಗೆ ಹಂಚಿ 20 ಕಿಲೋವ್ಯಾಟ್ ಕೊಡುವ ಬ್ಯಾಟರಿ ಇಡಿ. ಒಂದೊಂದು ಫೇಸ್‌ಗೆ 29 ಆಂಪಿಯರ್ ಅಲ್ಲೇ ಸಿಕ್ಕಿತು. ಟಿಸಿಯಿಂದ ಬರಬೇಕಾದ್ದು 31 ಆಂಪಿಯರ್ ಮಾತ್ರ, ಕಳೆದುಹೋಗುವುದು ಎಂಟು ವೋಲ್ಟ್ ಚಿಲ್ಲರೆ, ನಿಮ್ಮ ಮನೆಯಲ್ಲಿ ಸುಮಾರು 222. ಎಸಿ ಸ್ಟಾರ್ಟ್ ಆಗುತ್ತದೆ. ಇನ್ನೊಂದು ಲಾಭವೂ ಇದೆ. ತಂತಿ ಬಿಸಿಯಾಗಿ ಸುಮ್ನೆ ಹೋಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಮೊದಲು ಆ ಅರ್ಧ ಕಿಲೋಮೀಟರ್‌ನಲ್ಲಿ 2.9 ಕಿಲೋವ್ಯಾಟ್ ಹೋಗುತ್ತಿದ್ದುದು 0.8ಕ್ಕೆ ಇಳಿಯುತ್ತದೆ.

ಅದೇ ಬ್ಯಾಟರಿಯನ್ನು ಟಿಸಿ ಬುಡದಲ್ಲಿ ಇಟ್ಟರೆ? ಟಿಸಿಗೆ ಆರಾಮ. ನಿಮ್ಮ ಓಣಿಯ ತಂತಿಯಲ್ಲಿ ಕಳೆದುಹೋಗುವುದು ಮಾತ್ರ ಒಂದು ವೋಲ್ಟೂ ಕಡಿಮೆ ಆಗುವುದಿಲ್ಲ. ಸಬ್‌ಸ್ಟೇಷನ್‌ನಲ್ಲಿ ಇಟ್ಟರೆ ಕೇಳುವುದೇ ಬೇಡ.

ಆದರೆ ಬ್ಯಾಟರಿಯೇ ಬೇಕು ಅಂತ ಅರ್ಜಿ ಬರೆಯುವ ಮೊದಲು ಒಂದು ಕೆಲಸ ಮಾಡಿಸಿ. ರಾತ್ರಿ ಒಂಬತ್ತಕ್ಕೆ ಟಿಸಿ ಹತ್ತಿರ ಮೂರೂ ಫೇಸ್ ಮತ್ತು ನ್ಯೂಟ್ರಲ್‌ಗೆ ಕ್ಲ್ಯಾಂಪ್ ಮೀಟರ್ (ತಂತಿಗೆ ಸಿಕ್ಕಿಸಿ ಆಂಪಿಯರ್ ಅಳೆಯುವ ಮೀಟರ್) ಹಾಕಿ ನೋಡಲು ಹೇಳಿ. ಒಂದರಲ್ಲಿ 90, ಇನ್ನೊಂದರಲ್ಲಿ 30 ಬಂದರೆ ನಾಲ್ಕು ಮನೆಗಳ ಫೇಸ್ ಬದಲಿಸಿದರೇ ಅರ್ಧ ಸಮಸ್ಯೆ ಹೋಗುತ್ತದೆ, ಖರ್ಚು ಅರ್ಧ ದಿನದ ಕೆಲಸ. ಓಣಿಯ ಆ ತುದಿಗೆ 11 ಕೆವಿ ಎಳೆದು ಇನ್ನೊಂದು ಸಣ್ಣ ಟಿಸಿ ಕೂರಿಸಲು ಜಾಗ ಇದ್ದರೆ ಹೆಚ್ಚಿನ ಕಡೆ ಅದೇ ಅಗ್ಗ. ಬ್ಯಾಟರಿಗೆ ನಿಜವಾದ ಜಾಗ ಯಾವುದೆಂದರೆ, ಟಿಸಿಗೆ ಜಾಗವಿಲ್ಲ, ಫೀಡರೂ ತುಂಬಿದೆ, ತೊಂದರೆ ಇರುವುದು ವರ್ಷದಲ್ಲಿ ಎರಡು ಮೂರು ತಿಂಗಳು, ದಿನಕ್ಕೆ ಮೂರು ಗಂಟೆ, ಅಂಥ ಕಡೆ. ಆ ಮೂರು ಗಂಟೆಗೋಸ್ಕರ ರಸ್ತೆ ಅಗೆದು ಕೇಬಲ್ ಹಾಕುವುದು ದುಬಾರಿ. ನ್ಯೂಯಾರ್ಕ್‌ನ ಬ್ರೂಕ್ಲಿನ್ ಮತ್ತು ಕ್ವೀನ್ಸ್ ಭಾಗದಲ್ಲಿ ಇದೇ ಲೆಕ್ಕ ಹಾಕಿದರು. ಸುಮಾರು 100 ಕೋಟಿ ಡಾಲರ್‌ನ ಹೊಸ ಸಬ್‌ಸ್ಟೇಷನ್ ಬೇಕಿತ್ತು. ಅದನ್ನು ಮುಂದೂಡಲು 20 ಕೋಟಿ ಡಾಲರ್‌ನ ಬೇರೆ ಯೋಜನೆಗೆ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಗಿರಾಕಿಗಳ ಬಳಕೆ ಉಳಿತಾಯ, ಸೋಲಾರ್, ಬ್ಯಾಟರಿ ಎಲ್ಲ ಸೇರಿಸಿ, ಎಲ್ಲವನ್ನೂ ಆ ತುಂಬಿದ ಸಬ್‌ಸ್ಟೇಷನ್‌ನ ಆಚೆ ಬದಿಗೆ, ಬಳಸುವವರ ಬದಿಗೇ ಇಟ್ಟರು.

ಪ್ರಶ್ನೆ: ನಮ್ಮದೇ ಜಿಲ್ಲೆಯಲ್ಲಿ ವಾರಾಹಿ ಜಲವಿದ್ಯುತ್ ಸ್ಥಾವರ ಉಂಟು. ಶರಾವತಿಯಲ್ಲಿ ನೀರು ಮೇಲೆ ಪಂಪ್ ಮಾಡಿ ಮತ್ತೆ ಬಿಡುವ 2,000 ಮೆಗಾವ್ಯಾಟ್ ಯೋಜನೆಯ ಮಾತೂ ನಡೆಯುತ್ತಿದೆ. ಮತ್ತೆ ಊರೊಳಗೆ ಬ್ಯಾಟರಿ ಯಾಕೆ ಮಾರಾಯ್ರೆ?
ಒಬ್ಬ ಓದುಗರು, ಕುಂದಾಪುರ

ಉತ್ತರ: ಹೊಸಂಗಡಿಯ ವಾರಾಹಿ 460 ಮೆಗಾವ್ಯಾಟ್ ಕೊಡಬಲ್ಲದು, ಗುಂಡಿ ಒತ್ತಿದ ಕೆಲವೇ ನಿಮಿಷಕ್ಕೆ. ಇಡೀ ರಾಜ್ಯಕ್ಕೆ ಸಂಜೆ ಹೊತ್ತು ಕರೆಂಟ್ ಸಾಲದೆ ಬಂದರೆ ಅದು ದೊಡ್ಡ ಆಸರೆ. ಆದರೆ ಅಲ್ಲಿಂದ ಬರುವ ಕರೆಂಟೂ ನಿಮ್ಮ ಪೇಟೆಯ ಅದೇ ಫೀಡರ್, ಅದೇ ಟಿಸಿ ಮೂಲಕವೇ ಬರಬೇಕಲ್ವಾ? ಟಿಸಿಯ ಸಾಮರ್ಥ್ಯ 250 ಕೆವಿಎ ಇದ್ದರೆ ಅದರಿಂದ ಸುರಕ್ಷಿತವಾಗಿ ಎಳೆಯಬಹುದಾದ್ದು ಫೇಸ್‌ಗೆ 330 ಆಂಪಿಯರ್ ಚಿಲ್ಲರೆ. ಘಟ್ಟದಲ್ಲಿ ಎಷ್ಟೇ ನೀರಿದ್ದರೂ ಆ ಸಂಖ್ಯೆ ಬದಲಾಗುವುದಿಲ್ಲ. ರಾಜ್ಯದ ಕೊರತೆಗೆ ಘಟ್ಟದ ನೀರು, ಪೇಟೆಯ ಇಕ್ಕಟ್ಟಿಗೆ ಪೇಟೆಯೊಳಗಿನ ಬ್ಯಾಟರಿ, ಎರಡೂ ಬೇರೆ ಬೇರೆ ಕೆಲಸ.

ನಡುವಿನ ಸ್ಥಿತಿಯೂ ಇದೆ. ಸಬ್‌ಸ್ಟೇಷನ್‌ನ ದೊಡ್ಡ ಟ್ರಾನ್ಸ್‌ಫಾರ್ಮರೇ ತುಂಬಿದ್ದರೆ ಅಲ್ಲೇ, ಅದರ 11 ಕೆವಿ ಬದಿಗೆ ಬ್ಯಾಟರಿ ಇಡುವುದು ಸರಿ. ದೆಹಲಿಯ ಕಿಲೋಕರಿಯಲ್ಲಿ 33/11 ಕೆವಿ ಸಬ್‌ಸ್ಟೇಷನ್‌ನಲ್ಲಿ 2025ರಲ್ಲಿ ಶುರುವಾದದ್ದು ಇಂಥದ್ದೇ, 20 ಮೆಗಾವ್ಯಾಟ್, ಎರಡು ಗಂಟೆ ಕೊಡುವಷ್ಟು. ಅಲ್ಲಿ ಜಾಗ ಇರುತ್ತದೆ, ಬೇಲಿ ಇರುತ್ತದೆ, ದಿನವಿಡೀ ಆಪರೇಟರ್ ಇರುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ಒಂದು ಗಾಳಿ ಬೀಸಿದರೆ ಸಾಕು, ಕರೆಂಟ್ ಇಲ್ಲ. ತೆಂಗಿನ ಮಡಲು, ಮರದ ಗೆಲ್ಲು ಬೀಳುತ್ತದೆ, ಸಿಡಿಲು ಬಡಿಯುತ್ತದೆ. ಬ್ಯಾಟರಿ ಬಂದರೆ ಇದು ನಿಲ್ಲುತ್ತದಾ?
ಒಬ್ಬ ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ನಿಮ್ಮ ಕರೆಂಟ್ ಹೋಗುವುದು ಕೊರತೆಯಿಂದ ಅಲ್ಲ, ದಾರಿ ಕಡಿದುಹೋಗುವುದರಿಂದ. ತಂತಿ ತುಂಡಾಗಿ ರಸ್ತೆಯಲ್ಲಿ ಬಿದ್ದಿರುವಾಗ ಸಬ್‌ಸ್ಟೇಷನ್‌ನ ಬ್ಯಾಟರಿ ಪೂರ್ತಿ ತುಂಬಿದ್ದರೂ ನಿಮಗೆ ತಲುಪುವುದಿಲ್ಲ. ತುಂಡಾದ ಜಾಗದಿಂದ ಆಚೆ, ನಿಮ್ಮ ಬದಿಗೆ ಬ್ಯಾಟರಿ ಇದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. ಆಗಲೂ ಬರೀ ಬ್ಯಾಟರಿ ಸಾಲದು. ಕೆಟ್ಟ ಭಾಗವನ್ನು ತಾನೇ ಬೇರ್ಪಡಿಸುವ ಸ್ವಿಚ್ ಬೇಕು. ಹೊರಗಿನ ಆಸರೆ ಇಲ್ಲದೆ ತಾನೇ 50 ಹರ್ಟ್ಸ್ (ಸೆಕೆಂಡಿಗೆ 50 ಸಲದ ಕರೆಂಟಿನ ತಾಳ) ಹಿಡಿದು ನಿಲ್ಲುವ ಇನ್ವರ್ಟರ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲೈನ್ ಸತ್ತಿದೆ ಅಂತ ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಹಿಂದಿನಿಂದ ಕರೆಂಟ್ ಬರದಂತೆ ಖಾತ್ರಿಯ ಬೀಗ ಬೇಕು. ಮನೆ ಮೇಲೆ ಸೋಲಾರ್ ಇದ್ದವರಿಗೆ ಗೊತ್ತಿರಬಹುದು, ಲೈನ್ ಹೋದ ಕೂಡಲೇ ಸೋಲಾರ್ ಇನ್ವರ್ಟರೂ ಬಂದ್ ಆಗುತ್ತದೆ. ಅದು ಈ ಕಾರಣಕ್ಕೇ. ಈ ವಿಷಯದಲ್ಲಿ ಒಂದು ಕೂದಲೆಳೆಯ ಸಡಿಲಿಕೆಯನ್ನೂ ಯಾರೂ ಒಪ್ಪಬಾರದು. ಜೂನ್ ತಿಂಗಳಲ್ಲಿ ನಮ್ಮ ಊರಿನ ಕಂಬಗಳ ಮೇಲೆ ಇರುವ ಹುಡುಗರು ಯಾರದೋ ಮನೆಯ ಮಕ್ಕಳು.

ನನ್ನನ್ನು ಕೇಳಿದರೆ ಉಡುಪಿಯ ಮಳೆಗಾಲಕ್ಕೆ ಮೊದಲ ದುಡ್ಡು ಹೋಗಬೇಕಾದ್ದು ಮೇ ತಿಂಗಳಲ್ಲೇ ಗೆಲ್ಲು ಕಡಿಯುವುದಕ್ಕೆ, ಮರ ಜಾಸ್ತಿ ಇರುವಲ್ಲಿ ಹೊದಿಕೆ ಇರುವ ಕೇಬಲ್‌ಗೆ, ಒಂದು ಫೀಡರ್ ಹೋದರೆ ಇನ್ನೊಂದರಿಂದ ಕೊಡುವ ಜೋಡಣೆಗೆ. ಆಸ್ಪತ್ರೆ ಇರುವ ಬೀದಿಗೆ ಬ್ಯಾಟರಿ ಬರಲಿ. ಇನ್ನು ಕುಡಿಯುವ ನೀರಿನ ವಿಷಯ. ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ, ಮಂಗಳೂರಿಗೆ ನೇತ್ರಾವತಿಯ ತುಂಬೆಯಿಂದ ನೀರು ಪಂಪ್ ಆಗುತ್ತದೆ. ಆ ಪಂಪುಗಳಿಗೆ ಬ್ಯಾಟರಿ ಕೊಡುವ ಬದಲು ಊರೊಳಗಿನ ಟ್ಯಾಂಕುಗಳನ್ನು ದೊಡ್ಡದು ಮಾಡಿ ಮಧ್ಯಾಹ್ನ ತುಂಬಿಸಿದರೆ ಅದೇ ಕೆಲಸ ತುಂಬಾ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ತುಂಬಿದ ನೀರಿನ ಟ್ಯಾಂಕು ಹತ್ತು ವರ್ಷ ಕಳೆದರೂ ಸವೆಯುವುದಿಲ್ಲ.

ಪ್ರಶ್ನೆ: ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ, 78,000 ರೂಪಾಯಿ ಸಬ್ಸಿಡಿಯೂ ಬಂತು. ಆದರೆ ಮಧ್ಯಾಹ್ನ ಬಿಸಿಲು ಚೆನ್ನಾಗಿರುವಾಗಲೇ ಇನ್ವರ್ಟರ್ ಆಗಾಗ ಆಫ್ ಆಗುತ್ತದೆ. ಲೈನ್ ವೋಲ್ಟೇಜ್ ಜಾಸ್ತಿ ಅಂತ ತೋರಿಸುತ್ತದೆ.
ಒಬ್ಬ ಓದುಗರು, ಮಣಿಪಾಲ

ಉತ್ತರ: ಬೊಂದೇಲ್‌ನವರದ್ದು ಯಾವ ಸಮಸ್ಯೆಯೋ, ನಿಮ್ಮದು ಅದೇ ತಿರುಗಿ ನಿಂತದ್ದು. ಮಧ್ಯಾಹ್ನ ಮನೆಗಳಲ್ಲಿ ಜನ ಇಲ್ಲ, ನಿಮ್ಮ ಓಣಿಯ ಐದಾರು ಮನೆಗಳ ಸೋಲಾರ್ ಒಟ್ಟಿಗೆ ಲೈನಿಗೆ ತಳ್ಳುತ್ತದೆ, ಕರೆಂಟ್ ಕೊನೆಯಿಂದ ಟಿಸಿ ಕಡೆಗೆ ಹರಿಯುತ್ತದೆ, ಆಗ ಕೊನೆಯಲ್ಲಿ ವೋಲ್ಟೇಜ್ ಏರುತ್ತದೆ. ಶೇ. 10 ಮೀರಿದರೆ, ಅಂದರೆ 253 ದಾಟಿದರೆ ಇನ್ವರ್ಟರ್ ಕಳಚಿಕೊಳ್ಳಲೇಬೇಕು ಅಂತ ನಿಯಮ. ನಿಮ್ಮ ಇನ್ವರ್ಟರ್ ಕೆಟ್ಟಿಲ್ಲ. ಮೊದಲು ಎಲ್ಲರ ಸೋಲಾರೂ ಒಂದೇ ಫೇಸ್‌ಗೆ ಜೋಡಿಸಿದ್ದಾರಾ ನೋಡಿಸಿ. ಟಿಸಿಯ ಟ್ಯಾಪ್ (ಹೊರಬರುವ ವೋಲ್ಟೇಜ್ ಹೊಂದಿಸುವ ವ್ಯವಸ್ಥೆ) ಒಂದು ಮೆಟ್ಟಿಲು ಇಳಿಸಬಹುದಾ ಅಂತಲೂ ಸೆಕ್ಷನ್ ಆಫೀಸಿನಲ್ಲಿ ಕೇಳಿ, ಆದರೆ ಹಾಗೆ ಇಳಿಸಿದರೆ ರಾತ್ರಿ ವೋಲ್ಟೇಜ್ ಇನ್ನೂ ಬೀಳುತ್ತದೆ.

ಬ್ಯಾಟರಿಗೆ ನಿಜವಾಗಿ ಒಳ್ಳೆಯ ಜಾಗ ಇದು. ಓಣಿಯ ಕೊನೆಯಲ್ಲಿ ಇಟ್ಟ ಒಂದೇ ಬ್ಯಾಟರಿ ಮಧ್ಯಾಹ್ನ ನಿಮ್ಮ ಸೋಲಾರ್ ಹೀರಿಕೊಂಡು ವೋಲ್ಟೇಜ್ ಇಳಿಸುತ್ತದೆ, ರಾತ್ರಿ ಅದನ್ನೇ ಕೊಟ್ಟು ವೋಲ್ಟೇಜ್ ಏರಿಸುತ್ತದೆ. ಹಾಕಿದ ನೂರು ಯೂನಿಟ್‌ನಲ್ಲಿ ವಾಪಸ್ ಬರುವುದು ಸುಮಾರು 85. ಆದರೂ ಮಧ್ಯಾಹ್ನ ಇನ್ವರ್ಟರ್ ಆಫ್ ಆಗಿ ಪೂರ್ತಿ ಹಾಳಾಗುತ್ತಿದ್ದ ಬಿಸಿಲಿನ ಲೆಕ್ಕದಲ್ಲಿ ಅದು ಲಾಭವೇ.

ಪ್ರಶ್ನೆ: ಬ್ಯಾಟರಿ ಜಾಗ ಆರಿಸುವುದರ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. 33 ಬಸ್‌ಗಳ (ಲೈನಿನಲ್ಲಿ ಲೋಡ್ ಜೋಡಿಸುವ ಬಿಂದುಗಳಿಗೆ ನಾವು ಬಸ್ ಅನ್ನುತ್ತೇವೆ) ಮಾದರಿ ಫೀಡರ್ ತೆಗೆದುಕೊಂಡು, ಪೀಕ್ ಲೋಡ್‌ನಲ್ಲಿ ತಂತಿಯ ನಷ್ಟ ಅತಿ ಕಡಿಮೆ ಆಗುವ ಬಸ್ ಹುಡುಕಿದೆ. ಅಷ್ಟು ಸಾಕಾ ಸರ್?
ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಶುರು ಮಾಡಲು ಚೆನ್ನಾಗಿದೆ, ಅಲ್ಲಿಗೇ ನಿಲ್ಲಿಸಬೇಡಿ. 12.66 ಕೆವಿಯ ಆ ಮಾದರಿ 1989ರಿಂದ ಎಲ್ಲರ ಕೈಯಲ್ಲಿದೆ. ಒಟ್ಟು ಲೋಡ್ 3,715 ಕಿಲೋವ್ಯಾಟ್, ನಷ್ಟ ಸುಮಾರು 202, ವೋಲ್ಟೇಜ್ ಅತಿ ಕೆಳಗೆ ಇಳಿಯುವುದು 18ನೇ ಬಸ್‌ನಲ್ಲಿ. ಆದರೆ ಒಂದೇ ಕ್ಷಣದ ಲೋಡ್ ಇಟ್ಟುಕೊಂಡು ಹುಡುಕಿದರೆ ನೀವು ಹುಡುಕಿದ್ದು ಜನರೇಟರ್ ಇಡುವ ಜಾಗ, ಬ್ಯಾಟರಿಯದ್ದಲ್ಲ. ಬ್ಯಾಟರಿ ಎಲ್ಲಿಂದಲೋ ಚಾರ್ಜ್ ಆಗಬೇಕು. ಆ ಚಾರ್ಜ್ ಆಗುವ ಹೊತ್ತಿನಲ್ಲಿ ಅದೇ ಲೈನಿಗೆ ಅದು ಹೊಸ ಲೋಡ್. ಕರಾವಳಿಯಲ್ಲಿ ಬೇಸಿಗೆ ರಾತ್ರಿ ಎಸಿ ಬೆಳಗಿನ ತನಕ ಓಡುತ್ತದೆ, ಹಾಗಾಗಿ ರಾತ್ರಿ ಹನ್ನೆರಡರ ನಂತರ ಲೈನ್ ಖಾಲಿ ಅಂತ ಪುಸ್ತಕದಲ್ಲಿ ಇದ್ದಂತೆ ನಂಬಿದರೆ ನಿಮ್ಮ ಬ್ಯಾಟರಿ ತುಂಬುವುದೇ ಇಲ್ಲ. ಗಂಟೆ ಗಂಟೆಯ ಲೋಡ್ ತೆಗೆದುಕೊಳ್ಳಿ, ಕನಿಷ್ಠ ಒಂದು ಬೇಸಿಗೆ ದಿನ, ಒಂದು ಮಳೆಗಾಲದ ದಿನ, ಒಂದು ಭಾನುವಾರ. ಪೂರ್ತಿ ವರ್ಷದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು.

ಎರಡನೆಯದು, ನಷ್ಟ ಒಂದನ್ನೇ ನೋಡಬೇಡಿ. ನಷ್ಟದಲ್ಲಿ ಉಳಿಯುವ ಯೂನಿಟ್‌ಗಳ ಬೆಲೆಯಿಂದ ಮಾತ್ರ ಬ್ಯಾಟರಿಯ ಸಾಲ ತೀರುವುದು ಕಷ್ಟ. ದೊಡ್ಡ ಬೆಲೆ ಇರುವುದು ಟ್ರಾನ್ಸ್‌ಫಾರ್ಮರ್ ಬದಲಿಸುವುದನ್ನು ಮುಂದೂಡುವುದರಲ್ಲಿ. ಎಣ್ಣೆಯೊಳಗಿನ ಟ್ರಾನ್ಸ್‌ಫಾರ್ಮರ್‌ನ ಸುರುಳಿಗೆ ಸುತ್ತಿದ ಕಾಗದ, ಬಿಸಿ ಸುಮಾರು 6 ಡಿಗ್ರಿ ಏರಿದರೆ ಎರಡು ಪಟ್ಟು ಬೇಗ ಹಳತಾಗುತ್ತದೆ. 250 ಕೆವಿಎ ಟಿಸಿಯೊಂದರ ಮೇಲೆ ಸಂಜೆ ಮೂರು ಗಂಟೆ ಲೋಡ್ 300ರ ತನಕ ಹೋಗಿ ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಮೇಲಿನ ಆ ಗುಡ್ಡವನ್ನು ಕತ್ತರಿಸಲು 50 ಕಿಲೋವ್ಯಾಟ್‌ನ, 100 ಯೂನಿಟ್ ಹಿಡಿಯುವ ಬ್ಯಾಟರಿ ಸಾಕು. ಗುಡ್ಡದ ಆಕಾರ ಎಷ್ಟು ಚೂಪು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೂರು ಗಂಟೆಯ ಗುಡ್ಡ ಇರುವ ಟಿಸಿಗೆ ಬ್ಯಾಟರಿ ಒಪ್ಪುತ್ತದೆ, ದಿನಕ್ಕೆ ಹತ್ತು ಗಂಟೆ ತುಂಬಿರುವ ಟಿಸಿಗೆ ದೊಡ್ಡ ಟಿಸಿಯೇ ಬೇಕು. ಹಾಗಾಗಿ ಬಸ್ ನಂಬರ್ ಹುಡುಕುವ ಮೊದಲು ಲೋಡ್‌ನ ಗೆರೆ ಬಿಡಿಸಿ ನೋಡಿ.

ಕೊನೆಗೆ, ನಿಮ್ಮ ಪ್ರೋಗ್ರಾಂ 17ನೇ ಬಸ್ ಅಂತ ಹೇಳಿದರೆ 15, 16, 18ರ ಫಲಿತಾಂಶವನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಅಕ್ಕಪಕ್ಕದ ಬಸ್‌ಗಳ ನಡುವೆ ವ್ಯತ್ಯಾಸ ತುಂಬಾ ಸಣ್ಣದು ಬರುವುದೇ ಹೆಚ್ಚು. ಅಂದರೆ ಲೆಕ್ಕ ನಿಮಗೆ ಒಂದು ಬಿಂದು ಕೊಡುವುದಿಲ್ಲ, ಒಂದು ವಠಾರ ಕೊಡುತ್ತದೆ. ಅದರೊಳಗೆ ಎಲ್ಲಿ ನೀರು ನಿಲ್ಲುವುದಿಲ್ಲ, ಎಲ್ಲಿಗೆ ಕ್ರೇನ್ ಬರುತ್ತದೆ, ಯಾವ ಜಾಗದ ಕಾಗದಪತ್ರ ಸರಿ ಇದೆ ಅಂತ ನೋಡಿ ಆರಿಸುವುದು. ನಿಮ್ಮ ರಿಪೋರ್ಟ್‌ನಲ್ಲಿ ಇದಕ್ಕೆ ಒಂದು ಅಧ್ಯಾಯ ಕೊಡಿ, ಗೈಡ್ ಬೇಡ ಅಂದರೂ ಕೊಡಿ.

ಪ್ರಶ್ನೆ: ನಮ್ಮ ವಾರ್ಡಿನ ಪಾರ್ಕ್ ಮೂಲೆಯಲ್ಲಿ ಬ್ಯಾಟರಿ ಕಂಟೇನರ್ ಇಡಬಹುದು ಅಂತ ಮಾತು ಕೇಳಿ ಬರುತ್ತಿದೆ. ಮಕ್ಕಳು ಆಡುವ ಜಾಗ. ಬೆಂಕಿ ಹತ್ತಿದರೆ?
ಒಬ್ಬ ತಾಯಿ, ಬಿಜೈ

ಉತ್ತರ: ಹೆದರಿಕೆ ಸಹಜ ಅಮ್ಮ, ಕೇಳಲೇಬೇಕಾದ ಪ್ರಶ್ನೆಯೂ ಹೌದು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ದೊಡ್ಡ ಬೆಂಕಿ ಆಯಿತು, ಸುತ್ತಲಿನ ಸಾವಿರಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಿದರು. ಅಲ್ಲಿ ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೆ ಬ್ಯಾಟರಿಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು, ನಿಕ್ಕಲ್ ಇರುವ ಜಾತಿಯ ಬ್ಯಾಟರಿ. 2019ರಲ್ಲಿ ಅರಿಜೋನಾದಲ್ಲಿ ಬ್ಯಾಟರಿ ಇಟ್ಟ ಮುಚ್ಚಿದ ಕಟ್ಟಡದೊಳಗೆ ಗ್ಯಾಸ್ ತುಂಬಿಕೊಂಡು, ಬಾಗಿಲು ತೆಗೆದ ಮೇಲೆ ಸ್ಫೋಟವಾಗಿ ಅಗ್ನಿಶಾಮಕದವರು ಗಾಯಗೊಂಡರು. ಈಗ ಹೆಚ್ಚಾಗಿ ಬಳಸುವುದು ಕಬ್ಬಿಣ ಮತ್ತು ಫಾಸ್ಫೇಟ್ ಇರುವ ಲಿಥಿಯಂ ಬ್ಯಾಟರಿ. ಅದು ಬಿಸಿಯಾಗಿ ಕೈಮೀರುವುದು ಕಷ್ಟ, ಆದರೆ ಕೈಮೀರಿದರೆ ಅದರಿಂದಲೂ ಉರಿಯುವ ಗ್ಯಾಸ್ ಬರುತ್ತದೆ. ಬಯಲಲ್ಲಿ ಬೇರೆ ಬೇರೆ ಕಂಟೇನರ್ ಇಟ್ಟು, ನಡುವೆ ಅಂತರ ಬಿಟ್ಟರೆ ಒಂದಕ್ಕೆ ಆದದ್ದು ಇನ್ನೊಂದಕ್ಕೆ ಹರಡುವ ಸಾಧ್ಯತೆ ಕಡಿಮೆಯಾಗುತ್ತದೆ.

ಮಕ್ಕಳು ಆಡುವ ಪಾರ್ಕ್ ನನ್ನ ಮಟ್ಟಿಗೆ ಸರಿಯಾದ ಜಾಗವಲ್ಲ. ವಿದ್ಯುತ್ ಲೆಕ್ಕದಲ್ಲಿ ಆ ವಠಾರವೇ ಬೇಕು ಅಂತಿದ್ದರೆ ಅಲ್ಲೇ ಸುತ್ತಮುತ್ತ ಬೇಲಿ ಹಾಕಿದ ಬೇರೆ ಸರಕಾರಿ ಜಾಗ ಹುಡುಕಲಿ. ವಾರ್ಡ್ ಸಭೆಯಲ್ಲಿ ಇದನ್ನು ಕೇಳಿ: ಯಾವ ಜಾತಿಯ ಬ್ಯಾಟರಿ, ಮನೆಗಳಿಂದ ಎಷ್ಟು ದೂರ, ಗ್ಯಾಸ್ ಪತ್ತೆ ಮಾಡುವ ಮತ್ತು ಹೊರಬಿಡುವ ವ್ಯವಸ್ಥೆ ಇದೆಯಾ, ಅಗ್ನಿಶಾಮಕದವರಿಗೆ ಮೊದಲೇ ತೋರಿಸಿ ತರಬೇತಿ ಕೊಡುತ್ತಾರಾ, ಗಂಟೆಗಟ್ಟಲೆ ಹೊಯ್ಯುವಷ್ಟು ನೀರು ಹತ್ತಿರದಲ್ಲಿ ಸಿಗುತ್ತದಾ. ನೆರೆಯ ಬಗ್ಗೆ ಕೇಳಲು ಮರೆಯಬೇಡಿ. 2020ರ ಸೆಪ್ಟೆಂಬರ್ 20ರಂದು ಉಡುಪಿಯ ಕಲ್ಸಂಕದಲ್ಲಿ ನೀರು ಎಲ್ಲಿಗೆ ಬಂದಿತ್ತು, ಪ್ರತಿ ಜೂನ್‌ನಲ್ಲಿ ಕೊಟ್ಟಾರ ಚೌಕಿಯಲ್ಲಿ ಎಲ್ಲಿಗೆ ಬರುತ್ತದೆ ಅಂತ ನೋಡಿ ಅದಕ್ಕಿಂತ ಎತ್ತರದ ಕಟ್ಟೆ ಹಾಕಬೇಕು. ಸಮುದ್ರದ ಉಪ್ಪುಗಾಳಿಗೆ ಬೀಗ, ಬೋಲ್ಟ್, ಫ್ಯಾನ್ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ, ಪಣಂಬೂರು, ಮಲ್ಪೆ ಕಡೆ ಇನ್ನೂ ಬೇಗ. ವರ್ಷಕ್ಕೆ ಎರಡು ಸಲ ಬಂದು ನೋಡುವವರು ಯಾರು ಅಂತ ಹೆಸರು ಬರೆಸಿಕೊಳ್ಳಿ. ಮತ್ತೆ ಸದ್ದು. ಬ್ಯಾಟರಿ ಜಾಸ್ತಿ ದುಡಿಯುವುದೇ ರಾತ್ರಿ, ನೀವು ಮನೆಯಲ್ಲಿ ಇರುವ ಹೊತ್ತು. ತಣಿಸುವ ಫ್ಯಾನ್‌ಗಳು ಮನೆಗಳಿಗೆ ಬೆನ್ನು ಹಾಕಿ ಇರಲಿ.

ಪ್ರಶ್ನೆ: ಅಪಾರ್ಟ್‌ಮೆಂಟ್‌ನ ಜನರೇಟರ್ ತೆಗೆದು ಬ್ಯಾಟರಿ ಹಾಕೋಣ ಅಂತ ಸಂಘದಲ್ಲಿ ಮಾತಾಯಿತು. ಬೇಸ್‌ಮೆಂಟ್‌ನಲ್ಲಿ ಜಾಗ ಇದೆ.
ಸಂಘದ ಕಾರ್ಯದರ್ಶಿ, ಕದ್ರಿ

ಉತ್ತರ: ಬೇಸ್‌ಮೆಂಟ್ ಬೇಡ. ನಮ್ಮ ಮಳೆಗೆ ನೀರು ನುಗ್ಗುತ್ತದೆ, ಹೊಗೆ ಬಂದರೆ ಮೆಟ್ಟಿಲಿನ ಮೂಲಕ ಮೇಲಿನ ಮನೆಗಳಿಗೇ ಹೋಗುತ್ತದೆ, ಅಗ್ನಿಶಾಮಕದವರಿಗೆ ಒಳಗೆ ಹೋಗಲು ದಾರಿಯಿಲ್ಲ. ಕಟ್ಟಡದ ಹೊರಗೆ, ಪ್ಯಾನಲ್ ರೂಮಿಗೆ ಹತ್ತಿರ, ಗ್ಯಾಸ್ ಸಿಲಿಂಡರ್ ಇಡುವ ಜಾಗದಿಂದ ಮತ್ತು ಮೆಟ್ಟಿಲಿನ ಬಾಗಿಲಿನಿಂದ ದೂರ, ಪಶ್ಚಿಮದ ಬಿಸಿಲು ಬೀಳದ ಕಡೆ ಇಡಿ. ಲಿಫ್ಟ್, ನೀರಿನ ಪಂಪ್, ಕಾರಿಡಾರ್ ಲೈಟು ಸೇರಿ ಸರಾಸರಿ 10 ಕಿಲೋವ್ಯಾಟ್ ಅಂದರೆ ಎರಡು ಗಂಟೆಗೆ 20 ಯೂನಿಟ್. ಪೂರ್ತಿ ಖಾಲಿ ಮಾಡಬಾರದಲ್ಲ, ಹಾಗಾಗಿ 25ರಿಂದ 30 ಯೂನಿಟ್‌ನದ್ದು ನೋಡಿ. ಜನರೇಟರ್ ಈಗಲೇ ಮಾರಬೇಡಿ, ಇಡೀ ದಿನ ಕರೆಂಟ್ ಇಲ್ಲದ ಮಳೆಗಾಲದ ದಿನಕ್ಕೆ ಅದೇ ಬೇಕು. ಲಿಫ್ಟ್ ಮೋಟರ್ ಸ್ಟಾರ್ಟ್ ಆಗುವಾಗ ಎಳೆಯುವ ಕರೆಂಟನ್ನು ಇನ್ವರ್ಟರ್ ತಾಳುತ್ತದೆ ಅಂತ ಕಾಗದದಲ್ಲಿ ಬರೆದುಕೊಟ್ಟರೆ ಸಾಲದು. ದುಡ್ಡು ಪೂರ್ತಿ ಕೊಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಪಂಪೂ ಓಡುತ್ತಿರುವಾಗಲೇ, ತುಂಬಿದ ಲಿಫ್ಟನ್ನು ಕೆಳಗಿನಿಂದ ಮೇಲಿನ ಮಹಡಿ ತನಕ ಓಡಿಸಿ ತೋರಿಸಲು ಹೇಳಿ.